ಮುಫೀದನಿಗೆ, ಶನಿವಾರದ ಮೊದಲು

ಗಂಟಲಿನ ಗಂಟು ತೆಗೆದಾಯಿತು, ಮುಫೀದ್.
ಆರು ವಾರ ಪಿಸುಮಾತೂ ಕೂಡದಂತೆ.
ಹಾಗಾಗಿ ಜಗತ್ತು ಮುಗಿದ ಮೇಲಿನ ಮಂಗಳೂರು
ಈ ಶನಿವಾರದಿಂದ ನಿನ್ನ ಕೈಯಲ್ಲಿ.
ನಕ್ಷೆ ಬಿಸ್ಕತ್ತಿನ ಡಬ್ಬಿಯಲ್ಲಿ ಉಂಟು,
ಇಪ್ಪತ್ತು ಮುಖದ ದಾಳಗಳೂ.
ಹಸಿರಿನದ್ದು ಐದರ ಮೇಲೆ ಏಳುವುದಿಲ್ಲ.
ಸ್ಟ್ಯಾನಿ ಅದನ್ನೇ ಕೇಳುತ್ತಾನೆ, ಕೊಡಬೇಡ.

ಎಲ್ಲವನ್ನೂ ಸುಟ್ಟುಬಿಡಬೇಡ ಮಾರಾಯ.
ಹೊಸಬರು ಹಾಗೇ ಮಾಡುವುದು: ಬೂದಿ, ಬೂದಿ, ಮತ್ತೆ ಬೂದಿ.
ಬೂದಿಯಲ್ಲಿ ಯಾರಿಗೂ ದಾರಿ ನೆನಪಾಗುವುದಿಲ್ಲ.
ಹಂಪನಕಟ್ಟೆಯ ಸಿಗ್ನಲ್ ಕಂಬ ನಿಂತಿರಲಿ,
ಕೆಂಪು ದೀಪದ ತೂತಿನಲ್ಲಿ ಮೈನಾ ಮೊಟ್ಟೆ ಇಡಲಿ.
ಬಂದರಿನ ಗೋದಾಮಿನಲ್ಲಿ ಮೆಣಸಿನ ಘಾಟು
ಇನ್ನೂ ಇರಲಿ, ಒಳಗೆ ಹೋದವರು ಸೀನಲಿ.
ಮೇಜಿನ ಸುತ್ತ ಯಾರಾದರೂ ನಿಜಕ್ಕೂ ಮೂಗು ಉಜ್ಜಿಕೊಂಡರೆ
ನಂಬಿದರು ಅಂತ ಲೆಕ್ಕ.

ಹಸಿವನ್ನು ಅಂಕಿಯಲ್ಲಿ ಹೇಳಬೇಡ.
ಮೂರು ಅಂಕ ಕಳೆಯಿತು ಅಂದರೆ ಯಾರ ಹೊಟ್ಟೆ ಚುರುಗುಟ್ಟುತ್ತದೆ?
ಕುಚ್ಚಲಕ್ಕಿ ನಾಲ್ಕು ಮುಷ್ಟಿ, ಬಾಯಿ ಐದು,
ಒಣಮೀನಿನ ತಲೆ ಒಂದು, ಅನ್ನು.
ಆಮೇಲೆ ಸುಮ್ಮನಿರು. ಅವರು ಜಗಳವಾಡಲಿ, ನೀನು ಚಾ ಕುಡಿ.

ಸಮುದ್ರ ಎದುರಿಗೇ ಉಂಟು, ಕುಡಿಯಲಿಕ್ಕೆ ನೀರಿಲ್ಲ,
ಉಪ್ಪು ಬೋಳಾರದ ಬಾವಿಯವರೆಗೆ ಬಂದಿದೆ.
ಇನ್ನು ರಾಕ್ಷಸರು ಯಾಕೆ?
ಎರಡು ತಲೆಯ ನಾಯಿ ಒಮ್ಮೆ ಹೆದರಿಸುತ್ತದೆ,
ಎರಡನೇ ಸಲ ಅದು ಬರೀ ನಾಯಿ.
ಸಿಹಿನೀರಿಗೆ ಬೀಗ ಹಾಕಿ ಕೂತ ಒಬ್ಬ ಮನುಷ್ಯ ಸಾಕು.
ಅವನಿಗೊಂದು ಹೆಸರಿಡು, ಜ್ವರ ಬಿಡದ ಮಗಳನ್ನು ಕೊಡು.
ಆಗ ನೋಡು, ಬಂದೂಕು ಇದ್ದವರ ಕೈಯೇ ನಡುಗುವುದು.

ಇನ್ನೊಂದು. ಇದನ್ನು ಬರೆಯಲಿಕ್ಕೆ ಎರಡು ದಿನ ಹಿಡಿಯಿತು.
ಹೋದ ವರ್ಷ ಉಳ್ಳಾಲದ ಸೇತುವೆಯ ಕೆಳಗೆ
ನಾನೊಂದು ಹೆಣ ತೇಲಿಸಿದೆ, ಸುಮ್ಮನೆ, ಹೆದರಿಸಲಿಕ್ಕೆ.
ನೀಲಿ ಅಂಗಿ, ಒಂದೇ ಕಾಲಿಗೆ ಚಪ್ಪಲಿ.
ಸ್ಟ್ಯಾನಿ ದಾಳವನ್ನು ಉರುಳಿಸಲಿಲ್ಲ, ಮೆಲ್ಲಗೆ ಇಟ್ಟ.
ನೀರು ಕುಡಿದು ಬರ್ತೇನೆ ಅಂದವನ ಬೈಕು
ಕೆಳಗೆ ಸ್ಟಾರ್ಟ್ ಆದದ್ದು ಕೇಳಿತು.
ಅವನಿಗೊಬ್ಬ ತಮ್ಮ ಇದ್ದ ಅಂತ
ಆಮೇಲೆ ಸುಗಂಧಿ ಹೇಳಿದಳು.

ನೀನು ಆಟಕ್ಕೆ ಮೊದಲೇ ಒಬ್ಬೊಬ್ಬರನ್ನು ಕೇಳು:
ಯಾವ ಕಡೆ ಹೋಗುವುದು ಬೇಡ?
ಯಾಕೆ ಅಂತ ಕೇಳಬೇಡ. ನಕ್ಷೆಯಲ್ಲಿ ಅಲ್ಲಿ ಮಂಜು ಬರೆ.
ನಮ್ಮ ನಕ್ಷೆಯಲ್ಲಿ ನೇತ್ರಾವತಿ ಇಲ್ಲದ್ದು ಅದಕ್ಕೇ.

ಮತ್ತೆ, ನೀನು ಕಟ್ಟಿಟ್ಟ ಕಡೆಗೆ ಅವರು ಬರುವುದಿಲ್ಲ.
ಕದ್ರಿ ಗುಡ್ಡದಲ್ಲಿ ಶಸ್ತ್ರಾಗಾರ ಕಟ್ಟಿ, ಕಾವಲುಗಾರರ
ಅಜ್ಜಂದಿರ ಹೆಸರು ಸಹಿತ ಬರೆದು, ಎರಡು ತಿಂಗಳು ಕಾದೆ.
ಅಷ್ಟರಲ್ಲಿ ಈ ಸುಗಂಧಿ, ಎಂಟು ವಾರ ತುಟಿ ಬಿಚ್ಚದವಳು,
ಹೆರಿಗೆ ವಾರ್ಡಿನ ನೈಟ್ ಡ್ಯೂಟಿಯ ನಿದ್ದೆ ಕಣ್ಣಲ್ಲೇ ಬರುವವಳು,
ತುಕ್ಕು ಹಿಡಿದ ಸಿಟಿ ಬಸ್ಸಿನ ಫುಟ್‌ಬೋರ್ಡು ಹತ್ತಿ
ತಗಡಿಗೆ ಎರಡು ಸಲ ತಟ್ಟಿ
"ರೈಟ್, ಪೋಯಿ!" ಅಂದಳು.
ಡೀಸೆಲ್ ಇಲ್ಲ, ಅಂದೆ.
ಇಳಿಜಾರು ಉಂಟಲ್ಲ, ಅಂದಳು.

ಬಾವುಟಗುಡ್ಡೆಯಿಂದ ಬಂದರಿಗೆ ಉರುಳಿತು ಬಸ್ಸು,
ಬ್ರೇಕಿಗೆ ದಾಳ, ತಿರುವಿಗೆ ದಾಳ,
ದಾರಿಯಲ್ಲಿ ಕೈ ತೋರಿಸಿದ ಮುದುಕಿಗೆ ಅರ್ಧ ಟಿಕೆಟು.
(ಬಾಗಿಲು ತೆಗೆಯಲಿಕ್ಕೆಲ್ಲ ದಾಳ ಹಾಕಿಸಬೇಡ.
ಸೋತರೂ ಕಥೆ ಕುಂಟಿಕೊಂಡಾದರೂ ಹೋಗುವಲ್ಲಿ ಹಾಕಿಸು.)
ಆ ದಿನದಿಂದ ಅವರ ಗುಂಪಿಗೊಂದು ರೂಟ್ ನಂಬರ್.
ವಾಪಸು ಮೇಲೆ ಹೇಗೆ? ಹಗ್ಗ ಕಟ್ಟಿ ಇನ್ನೂ ಎಳೆಯುತ್ತಾ ಇದ್ದಾರೆ.
ಅದನ್ನು ನೀನು ಬಿಡಿಸಿಕೊಡಬೇಡ.

ಶನಿವಾರ ನಾನೂ ಬರ್ತೇನೆ.
ಹಲ್ಲಿನ ಕ್ಲಿನಿಕ್ಕಿನ ಅದೇ ಬೆಂಚು, ಮೀನಿನ ತೊಟ್ಟಿಯ ಬದಿಗೆ.
ಮಾತು ಬಾರದ ಪಾತ್ರವೊಂದನ್ನು ಬರೆದಿಡು,
ಹೆಸರು ನೀನೇ ಇಡು.
ಕಥೆ ನಡುದಾರಿಯಲ್ಲಿ ನಿಂತು ನಿನ್ನ ಬಾಯಿ ಒಣಗಿದರೆ
ನನ್ನ ಮುಖ ನೋಡಬೇಡ.
ಮೇಜಿನ ಬದಿಗೆ
ಎರಡು ಸಲ ತಟ್ಟುತ್ತೇನೆ.