ಮೂರಕ್ಕೆ ಒಂದು

ಲೆಕ್ಕ ಸರಳ: ಮೂರು ಕಿಲೋ ಪ್ಲಮ್ ಕುದ್ದರೆ
ಒಂದು ಕಿಲೋ ಮಜೂನ್. ಸಕ್ಕರೆ ಸೋಕಿಸುವಂತಿಲ್ಲ.
ರಸೀದಿಗಳಲ್ಲಿ ಒಂಬೈನೂರು ಕಿಲೋ ಹಣ್ಣು;
ಮಾರಿದ್ದು, ಉಳಿದದ್ದು ಕೂಡಿದರೆ ಮುನ್ನೂರ ಹತ್ತು.
ಹತ್ತು ಕಿಲೋ ಎಲ್ಲಿಂದ ಬಂತು, ವಿಯೊರಿಕಾ?

ಅವಳು ಸೌಟು ಕೆಳಗಿಡಲಿಲ್ಲ.
ತಾಮ್ರದ ಕಡಾಯಿ ತಳ ಹಿಡಿಯದಂತೆ ತಿರುವುತ್ತಲೇ
ಬೇಲಿಯಾಚೆಗೆ ಗದ್ದ ಎತ್ತಿದಳು:
ಪಾಂಟೆಲಿಮೊನನ ಮರ.
ಎರಡು ಬುಟ್ಟಿ ತಂದಿಟ್ಟು ಹೋದ,
ಬೇಡ ಅನ್ನಲು ಬಾಯಿ ಬರಲಿಲ್ಲ.
ಔಷಧಿ ಹೊಡೆಯಲು ಅವನ ಹತ್ತಿರ
ಪಂಪೂ ಇಲ್ಲ, ದುಡ್ಡೂ ಇಲ್ಲ, ಸೋಮಾರಿ ಬೇರೆ.

ನಂಬಿದೆ.
ನಂಬಿದ್ದನ್ನು ಬರೆಯಲು ನನ್ನ ನಮೂನೆಯಲ್ಲಿ ಕಾಲಂ ಇಲ್ಲ.
ಹದಿನಾಲ್ಕು ವರ್ಷ ಈ ಅರ್ಜೆಶ್ ಕಣಿವೆಯ
ಅಡುಗೆಮನೆಗಳಲ್ಲಿ ಪಾತ್ರೆ ತೊಳೆವ ಸಾಬೂನಿನ ಹೆಸರು ಕೇಳಿದ್ದೇನೆ,
ಇಲಿಬೋನು ಎಲ್ಲೆಲ್ಲಿ ಎಂದು ನಕ್ಷೆ ನೋಡಿದ್ದೇನೆ.
ಸುಳ್ಳು ಹೇಳುವವರ ಲೆಕ್ಕ
ಗ್ರಾಮಿಗೆ ಗ್ರಾಮು ಕೂಡಿಬರುತ್ತದೆ.

ಬರೆದೆ: ಹದಿನೇಳನೇ ಬ್ಯಾಚು,
ಹಸಿರೆಲೆಯ ಗುರುತು ತೆಗೆಯತಕ್ಕದ್ದು.
ಮಾರಿಹೋದವಕ್ಕೆ, ಕೊಂಡ ಅಂಗಡಿಗಳಿಗೆ ಪತ್ರ.
ಬೇಲಿ ದಾಟಿ ಬಂದದ್ದಕ್ಕೆ ಇನ್ನು ಮೇಲೆ ಬೇರೆಯದೇ ಕಡಾಯಿ.

'ಪಾಂಟೆಲಿಮೊನನಿಗೆ ಏನು ಹೇಳಲಿ?' ಅಂದಳು.
ಅದೂ ನನ್ನ ನಮೂನೆಯಲ್ಲಿಲ್ಲ.

ಬಿಸಿನೀರಿನ ಬೋಗುಣಿಯಲ್ಲಿ ಬಾಟಲಿ ಅದ್ದಿ
ಉಗುರಿನಿಂದ ಎಲೆ ಕೀಳುತ್ತ ಕೂತಳು,
ಒಂದು, ಹನ್ನೊಂದು, ಮೂವತ್ತೆಂಟು.
ಕೆಲವು ಅರ್ಧಕ್ಕೇ ಹರಿದು ಗಾಜಿಗೆ ಅಂಟಿಕೊಂಡವು.

ಹೊರಡುವಾಗ ಒಂದನ್ನು ನನ್ನ ಚೀಲಕ್ಕೆ ತುರುಕಿದಳು.
ಉಡುಗೊರೆ ಮುಟ್ಟುವಂತಿಲ್ಲ, ಗೊತ್ತಲ್ಲ, ಅಂದೆ.
'ಹಾಗಾದರೆ ಕೊಂಡುಕೋ.'
ರಸೀದಿ ಪುಸ್ತಕ ಹುಡುಕಿ, ಕಾರ್ಬನ್ ಹಾಳೆ ಸರಿಮಾಡಿ,
ಬರೆದಳು: ಮಜೂನ್, ಒಂದು ಬಾಟಲಿ, ಇಪ್ಪತ್ತೆರಡು ಲೇ.
ಪೆನ್ನು ಎತ್ತಿ, ನನ್ನ ಮುಖ ನೋಡಿ,
ಕೆಳಗೆ ಒತ್ತಿ ಬರೆದಳು:
ಸಾವಯವ ಅಲ್ಲ.