ಮುಖಪುಟ

ಖೇತವಾಡಿಯ ಹನ್ನೊಂದನೆ ಗಲ್ಲಿ, ಮೂರನೆ ಮಾಳಿಗೆ.
ಹಗಲು ಅಲ್ಲಿ ಹಲ್ಲು ತಯಾರಾಗುತ್ತಿತ್ತು,
ರಾತ್ರಿ ಎಂಟರ ಮೇಲೆ ಪತ್ರಿಕೆ.
ಮೇಜು ಒಂದೇ.
ಬರ್ನರ್ ಆರಿಸಿ, ಮೇಣ ಕೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಿದರೂ
ಪ್ರೂಫಿನ ಮೇಲೆ ಪ್ಲಾಸ್ಟರಿನ ಹುಡಿ ಕೂತೇ ಕೂರುತ್ತಿತ್ತು.
ಚಂದಾದಾರರು ಬರೆಯುತ್ತಿದ್ದರು: ಸಂಚಿಕೆ ಕೊಡವಿ ಓದಿದೆವು.

ಎರಡೂ ಅಚ್ಚಿನ ಕೆಲಸವೇ ತಾನೆ, ಎಂದೆ ಒಮ್ಮೆ.
ಬಿವಲ್ಕರರಿಗೆ ಕನ್ನಡ ಬಾರದು. ಬಿಡಿಸಿ ಹೇಳಿದೆ:
ದವಡೆಯದು ತೆಗೆದರೂ ಅಚ್ಚು, ಪುಸ್ತಕ ಹಾಕಿದರೂ ಅಚ್ಚು,
ಬೆಲ್ಲ ಹೊಯ್ದರೂ ಅಚ್ಚು.
ಅವರು ನಗಲಿಲ್ಲ. ಮರುದಿನ ಬಂದು
‘ನಿನ್ನ ಭಾಷೆಗೆ ಒಂದು ಪುಟ’ ಎಂದರು.

ಹಾಗೆ ನಾನು, ಮಲ್ಪೆಯ ಪುತ್ರನ್, ಬಲೆ ನೇಯಲೂ ಬಾರದವನು,
ಫೋರ್ಟಿನ ರಾತ್ರಿಶಾಲೆಯಲ್ಲಿ ಎರಡು ಸಲ ಫೇಲಾದವನು,
ನಲವತ್ತೊಂದು ಜನರಿಗೆ ಸಂಪಾದಕನಾದೆ:
ನಿಪ್ಪಾಣಿ, ಬೆಳಗಾವಿ, ಗದಗ, ಬಳ್ಳಾರಿಯಲ್ಲೊಬ್ಬ.
ಪ್ರೆಸ್ಸಿನಲ್ಲಿ ಕನ್ನಡದ ಅಚ್ಚುಮೊಳೆ ಇರಲಿಲ್ಲ;
ಕೈಯಲ್ಲೇ ಬರೆದು ಬ್ಲಾಕು ಮಾಡಿಸುತ್ತಿದ್ದೆ.
ತ ಥ ದ ಧ ನ ಬರೆವಾಗ ನಾಲಿಗೆ ತಾನಾಗಿ
ಹಲ್ಲಿನ ಹಿಂದೆ ಹೋಗಿ ಮುಟ್ಟಿ ನೋಡುತ್ತಿತ್ತು,
ಎಲ್ಲ ಇವೆಯೇ ಎಂದು.

ಲೆಕ್ಕಪತ್ರ ಫಿಲೋಮಿನಾ ಮಿಸ್ಕಿಟ್ಟಾಳದು.
ಹಗಲು ಪೋರ್ಸಲೀನಿಗೆ ಬಣ್ಣ ಕೂಡಿಸುವವಳು:
ಬೀಡಿಯ ಹಲ್ಲು, ಚಹಾದ ಹಲ್ಲು, ಕೊಲಾಬಾದ ಹಾಲುಬಿಳಿ.
ಬಾಕಿದಾರರಿಗೂ ಅದೇ ಗುರುತು:
‘ಇವನು ಎ-ತ್ರೀ, ಕೊಡುವುದಿಲ್ಲ.
ಇವನು ಬಿ-ಒನ್, ಜುಲೈಯಲ್ಲಿ ಕೇಳಿ.’
ಇಕ್ಬಾಲ್ ಮುಕಾದಮ್ ದವಡೆಹಲ್ಲಿನ ನೆತ್ತಿಯನ್ನು
ತನ್ನ ಊರಿನ ಘಾಟಿಯಂತೆ ಬಿಡಿಸುತ್ತಿದ್ದ, ನೆರಳು ಸಹಿತ.

ಡಾಕ್ಟರರು ಯಾರೂ ಚಂದಾ ಕೊಟ್ಟದ್ದಿಲ್ಲ.
ಬೋರ್ಡು ಅವರದು, ಬಾಯಿ ಮತ್ತೊಬ್ಬರದು;
ನಮ್ಮದು ಡಬ್ಬಿಯಲ್ಲಿ ಬಂದು ಡಬ್ಬಿಯಲ್ಲಿ ಹೋಗುವುದು.
ಸಾವಿರ ಬಾಯಿ ಗೊತ್ತು, ಒಂದು ಮುಖ ಗೊತ್ತಿಲ್ಲ.
ಅದಕ್ಕೇ ಏನೋ ಬಿವಲ್ಕರರ ಕಟ್ಟಳೆ:
ಮುಖಪುಟದಲ್ಲಿ ಮುಖ ಬೇಡ.
ಹತ್ತೊಂಬತ್ತು ವರ್ಷ ಬರೀ ಹಲ್ಲು.
ಸಮ್ಮೇಳನಕ್ಕೆ ಮಂತ್ರಿ ಬಂದಾಗಲೂ
ಒಂದು ಒಂಟಿ ದವಡೆಹಲ್ಲು.

ಇನ್ನೊಂದು ಹಟ: ತೀರ ನೆಟ್ಟಗಿನ ಸಾಲು ಸುಳ್ಳು.
ಕೋರೆಯನ್ನು ಕೂದಲೆಳೆಯಷ್ಟು ಹೊರಳಿಸಿ ಕೂರಿಸಿ
ಎಂದು ಏಳನೆ ವರ್ಷ ಬರೆದಿದ್ದರು, ಮೂರು ಪುಟ.
ನಾನದನ್ನು ಅರ್ಧ ಪುಟಕ್ಕೆ ಇಳಿಸಿದ್ದೆ.
‘ದೇವರು ಅಡಿಪಟ್ಟಿ ಹಿಡಿದವನಲ್ಲ’
ಎಂಬುದು ನಾನೇ ಸೇರಿಸಿದ್ದು. ಅವರಿಗೆ ಹೇಳಲಿಲ್ಲ.

ಆಷಾಢದಲ್ಲಿ ಹೋದರು.
ಚಂದನವಾಡಿಯಿಂದ ಬಂದವರು ಸ್ನಾನ ಕೂಡ ಮಾಡದೆ ಜಗಳ:
ಫೋಟೊ ಹಾಕಲೇಬೇಕು, ಈ ಒಂದು ಸಲ, ಎಂದ ಇಕ್ಬಾಲ್.
ಫಿಲೋಮಿನಾ ಮಾತಾಡಲಿಲ್ಲ. ಸ್ಟೂಲು ಹತ್ತಿ
ಅಟ್ಟದಿಂದ ಇಳಿಸಿದಳು: ಹಿತ್ತಾಳೆಯ ಕೀಲುಚೌಕಟ್ಟಿನಲ್ಲಿ
ಅವರು ತಮಗೆಂದೇ ಮೇಣದಲ್ಲಿ ಜೋಡಿಸಿ ನೋಡಿದ್ದ ಸೆಟ್ಟು,
ಕೆಳಗೆ ಎಡಗಡೆ ಕೋರೆ ಒಂದಿಷ್ಟು ಹೊರಳಿ.
ಮೇಲೆ ಎಷ್ಟು ವರ್ಷದ ಹುಡಿಯೋ.
ಊದಲು ಹೋದ ನನ್ನ ಕೈ ಹಿಡಿದಳು.

ಅದನ್ನೇ ಹಾಕಿದೆವು.
ಹೆಸರಿಲ್ಲ, ತಾರೀಖಿಲ್ಲ, ಕಪ್ಪು ಅಂಚಿಲ್ಲ.
ಒಳಗೂ ಒಂದು ಸಾಲಿಗೆ ಜಾಗವಿರಲಿಲ್ಲ;
ಕುಲುಮೆ ಕಂಪನಿಯವರು ಮುಂಗಡ ಕೊಟ್ಟಾಗಿತ್ತು.

ಹನ್ನೆರಡನೆ ದಿನ ಗದಗಿನ ಕಾರ್ಡು.
ನಾನೆಂದೂ ಕಂಡಿರದ ಶರಣಪ್ಪ ಹಡಗಲಿ, ಪೆನ್ಸಿಲಿನಲ್ಲಿ:
‘ಮುಖಪುಟ ನೋಡಿದೆ. ಕೆಳದವಡೆ, ಎಡಕ್ಕೆ, ಮೂರನೆಯದು.
ಸರ್ ಯಾವಾಗ ಹೋದರು?’

ಸೋಲಾಪುರದಿಂದ ಎರಡು, ಮೀರಜಿನಿಂದ ಒಂದು.
ಬಳ್ಳಾರಿಯವನದು ಮನಿಯಾರ್ಡರು,
ನಾಲ್ಕು ವರ್ಷದ ಬಾಕಿ, ಕೂಪನ್ನಿನಲ್ಲಿ ಏನೂ ಬರೆದಿರಲಿಲ್ಲ.
ಫಿಲೋಮಿನಾ ಪುಸ್ತಕ ತೆರೆದಳು,
ಎ-ತ್ರೀಗೆ ಅಡ್ಡಗೆರೆ ಎಳೆದು
ಬಿ-ಒನ್ ಎಂದು ಬರೆದಳು.