ತೊಂಬತ್ತು ದಿನ

ತಿಂಗಳ ಮೊದಲ ಸೋಮವಾರ ಬದಿಯಡ್ಕಕ್ಕೆ ಹೋಗುತ್ತೇನೆ,
ಬಸ್ಸಿನ ರಶೀದಿ ಇಟ್ಟುಕೊಳ್ಳಬೇಕು.
ನೋಂದಣಿ ಕಚೇರಿಯ ಆರು ಕಂಪ್ಯೂಟರುಗಳ ಲಾಗ್ ತೆಗೆಯುವುದು ನನ್ನ ಗುತ್ತಿಗೆ:
ಯಾವ ಪ್ಯಾಕೇಜು, ಯಾವಾಗ ತೆರೆಯಿತು, ಎಷ್ಟು ಹೊತ್ತು.
ತೊಂಬತ್ತು ದಿನ ಯಾರೂ ಮುಟ್ಟದ್ದನ್ನು ಕಿತ್ತು ಹಾಕಿ—
ಸುತ್ತೋಲೆ ಮಲಯಾಳದಲ್ಲಿದೆ, ಎರಡೇ ಸಾಲು.

ಲಾಗಿಗೆ ದಾಕ್ಷಿಣ್ಯ ಇಲ್ಲ.
ಸಾಹೇಬರು ಕಡತಕ್ಕಿಂತ ಇಸ್ಪೀಟಿನಲ್ಲೇ ಹೆಚ್ಚು ಹೊತ್ತು.
ವಿಲ್ಮಾ ಕ್ರಾಸ್ತ ಸಂಜೆ ಐದಕ್ಕೆ ಲೆಕ್ಕದ ಹಾಳೆ ತೆರೆಯುತ್ತಾಳೆ,
ಏನು ಕೂಡಿಸುತ್ತಾಳೋ, ಏನು ಕಳೆಯುತ್ತಾಳೋ.
ಬಾಗಿಲು ತೆರೆದದ್ದು ಗೊತ್ತು, ಒಳಗೆ ಬೆಂದದ್ದು ಗೊತ್ತಿಲ್ಲ.

ಕನ್ನಡದ ಕೀಲಿಮಣೆ ನಾಲ್ಕನೆಯ ಯಂತ್ರದಲ್ಲಿ ಮಾತ್ರ ಉಳಿದಿತ್ತು.
ಮುಳ್ಳೇರಿಯಾದ್ದನ್ನು ಹೋದ ವರ್ಷ ನಾನೇ ತೆಗೆದೆ.
ತೆಗೆಯಬೇಕೇ ಎಂದು ಕೇಳಿತು. ಹೌದು ಎಂದೆ.

ಇಲ್ಲಿ ಆದರೆ ಶುಕ್ರವಾರಕ್ಕೊಂದು ಗೆರೆ.
ಒಂದು ಗಂಟೆ ಹನ್ನೆರಡು ನಿಮಿಷ. ಒಂದು ಏಳು. ಒಂದು ಹತ್ತೊಂಬತ್ತು.
ಅರ್ಧ ಕಚೇರಿ ಜುಮ್ಮಾಕ್ಕೆ, ಉಳಿದರ್ಧ ಊಟಕ್ಕೆ ಹೋದ ಹೊತ್ತು,
ನಾಲ್ಕೈದು ನಿಮಿಷ, ಅಷ್ಟೇ.
ಲಾಗಿನ್ ಎಲ್ಲರದ್ದೂ ಒಂದೇ.
ಮೊದಲು ವೈರಸ್ ಅಂದುಕೊಂಡೆ,
ಆದರೆ ಯಂತ್ರ ತಡ ಮಾಡುವುದಿಲ್ಲ;
ಬುತ್ತಿ ತೊಳೆದು, ಕೈ ಒರಸಿ,
ಆಚೀಚೆ ನೋಡಿ ಕೂತವರ ಸಮಯ ಅದು.

"ಯಾರು ಮಾರಾಯ್ರೆ, ಶುಕ್ರವಾರ?" ಎಂದು ಗಟ್ಟಿಯಾಗಿಯೇ ಕೇಳಿದೆ.
"ನಂಗಂತೂ ಗೊತ್ತಿಲ್ಲಪ್ಪ" ಎಂದು
ನಾರಾಯಣ ಮಣಿಯಾಣಿ ಮುದ್ರೆಯ ಶಾಯಿಪೆಟ್ಟಿಗೆ ಮುಚ್ಚಿದರು.
ಆ ವಾರ ಬಾಗಿಲ ಹತ್ತಿರ ನಾನೇ ಕೂತೆ, ಮೊಬೈಲ್ ನೋಡುವವನಂತೆ.
ಯಾರೂ ಬರಲಿಲ್ಲ.
ಮರುವಾರವೂ ಗೆರೆ ಇಲ್ಲ. ಅದರಾಚೆಗೂ ಖಾಲಿ.

ಇವತ್ತು ಎಂಬತ್ತೊಂಬತ್ತನೆಯ ದಿನ, ಬುಧವಾರ.
ಈ ಬಸ್ಸಿನ ರಶೀದಿ ಯಾರಿಗೂ ಕೊಡುವಂತಿಲ್ಲ.
ಒಂದು ಹತ್ತಕ್ಕೆ ನಾಲ್ಕನೆಯದರ ಮುಂದೆ ಕೂತೆ.
ತೆರೆದರೆ ಸಾಕು, ಗೆರೆ ಬೀಳುತ್ತದೆ, ಬರೆಯಬೇಕೆಂದೇನೂ ಇಲ್ಲ.
ಆದರೂ ಕರ್ಸರ್ ಮಿಟುಕುತ್ತಿತ್ತು,
ಹೆಸರು ಹಿಡಿದು ಕರೆದು ಸುಮ್ಮನಾದವರ ಹಾಗೆ.
ಸೋದರಮಾವ ಹೇಳುತ್ತಿದ್ದ ಜಾಗದ ಹೆಸರು ನೆನಪಾಯಿತು,
ಪತ್ರದಲ್ಲಿ ಈಗ ಬರೀ ಸರ್ವೆ ನಂಬರು:
ನೆಕ್ಕರೆಪದವು.
ಒತ್ತಕ್ಷರ ಎಲ್ಲಿ ಅಡಗಿದೆ ಮರೆತಿತ್ತು,
ಎರಡು ಬೆರಳಲ್ಲಿ ತಡಕಿದೆ.
ನಕ್ಕರೆ ಎಂದಾಯಿತು. ಅಳಿಸಿದೆ.
ಮತ್ತೆ ಮೊದಲಿಂದ.

ಮುಗಿಸಿ ಗಡಿಯಾರ ನೋಡಿದರೆ
ನಾಲ್ಕು ನಿಮಿಷ, ಮೇಲೆ ಸ್ವಲ್ಪ.
ಉಳಿಸಬೇಕೇ ಎಂದು ಕೇಳಿತು.
ಹಿಂದೆ ಮಣಿಯಾಣಿ ಕೆಮ್ಮಿದರು,
ಬಂದು ನಿಂತು ಎಷ್ಟು ಹೊತ್ತಾಗಿತ್ತೋ.